ಹೇಳೋದಾದರೆ ಯಾವಾಗ

ಒಬ್ಬರು ಪೀಣ್ಯದ ಕಾರ್ಖಾನೆಯೊಂದರ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು. ಪಿಯುಸಿಯಲ್ಲಿದ್ದಾಗ ಮೂರ್ಛೆರೋಗ ಶುರುವಾಯಿತು, ಅಂದಿನಿಂದ ಮಾತ್ರೆ ತೆಗೆದುಕೊಳ್ಳುತ್ತಲೇ ಎಂ.ಕಾಂ. ಮುಗಿಸಿದಳು. ಬರುವ ಗುರುವಾರ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇದೆ.

ಮಗಳು: ಅಮ್ಮನದು ಒಂದೇ ಮಾತು ದೊಡ್ಡಮ್ಮ. ಬಾಯಿ ಬಿಡಬೇಡ. ಕೆಲಸ ಸಿಗಲಿ, ಪ್ರೊಬೇಷನ್ ಮುಗೀಲಿ, ಆಮೇಲೆ ನೋಡೋಣ ಅಂತ. ಅಪ್ಪ ಅಂತಾರೆ, ಮೊದಲೇ ಹೇಳಿಬಿಡು, ಇಷ್ಟ ಇದ್ದರೆ ತೊಗೋತಾರೆ, ಇಲ್ಲದಿದ್ದರೆ ಇಲ್ಲ ಅಂತ. ಇಬ್ಬರ ಮಧ್ಯೆ ಸಿಕ್ಕಿ ನಾನು ಇಂಟರ್‌ವ್ಯೂಗೆ ಓದಬೇಕಾದ್ದನ್ನೇ ಓದಿಲ್ಲ.

ದೊಡ್ಡಮ್ಮ: ನಿಮ್ಮಮ್ಮ ಹೆಣ್ಣು ಕೊಡೋ ಲೆಕ್ಕದಲ್ಲಿ ಯೋಚನೆ ಮಾಡ್ತಾಳೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಮಾತು ಕೇಳಿ ಬೆಳೆದವಳು. ಅವಳನ್ನ ದೂರೋ ಹಾಗೂ ಇಲ್ಲ. ಮೂರ್ಛೆ ಮರುಕಳಿಸೋರು ಮದುವೆಗೆ ಅರ್ಹರಲ್ಲ ಅಂತ ಹಿಂದೂ ವಿವಾಹ ಕಾಯ್ದೆಯಲ್ಲೇ ಬರೆದಿತ್ತು, ಗೊತ್ತಾ? 1999ರಲ್ಲಿ ತಿದ್ದುಪಡಿ ತಂದು ಆ ಶಬ್ದ ತೆಗೆದರು. ಅಷ್ಟು ವರ್ಷ ಕಾನೂನೇ ಹಾಗೆ ಹೇಳ್ತಿತ್ತು ಅಂದಮೇಲೆ ಮುಚ್ಚಿಡೋದು ಮನೆಮನೆಯ ಅಭ್ಯಾಸ ಆಗದೆ ಇನ್ನೇನಾಗುತ್ತೆ?

ಮಗಳು: ಹಾಗಾದರೆ ಅಪ್ಪ ಹೇಳಿದ್ದೇ ಸರಿ ಅಂತೀರಾ?

ದೊಡ್ಡಮ್ಮ: ಅದೂ ಅಲ್ಲ. ನಿಮ್ಮಪ್ಪ ಒಳ್ಳೆಯವರು, ಎಲ್ಲರೂ ತಮ್ಮ ಹಾಗೇ ಅಂದುಕೊಂಡಿದ್ದಾರೆ. ಬಯೋಡೇಟಾದಲ್ಲೇ ಕಾಯಿಲೆ ಹೆಸರು ಬರೆದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ. ಒಂದು ಹುದ್ದೆಗೆ ಕಟ್ಟುಗಟ್ಟಲೆ ಅರ್ಜಿ ಬಂದಿರುತ್ತೆ. ನೋಡೋನಿಗೆ ಬೇಕಾಗಿರೋದು ಕಟ್ಟು ತೆಳ್ಳಗೆ ಮಾಡೋಕೆ ಒಂದು ನೆಪ. ಆ ನೆಪ ನೀನೇ ಕೈಗೆ ಕೊಟ್ಟ ಹಾಗೆ. ಅವನು ಕೆಟ್ಟವನೇನಲ್ಲ, ನಿನ್ನನ್ನ ನೋಡೇ ಇಲ್ಲವಲ್ಲ! ನಿನ್ನ ಮುಖ, ನಿನ್ನ ಮಾತು, ನಿನ್ನ ಅಕೌಂಟ್ಸ್ ಜ್ಞಾನ ಯಾವುದೂ ಅವನ ಮುಂದಿಲ್ಲ. ಇರೋದು ಕಾಯಿಲೆಯ ಹೆಸರು ಮಾತ್ರ.

ಮಗಳು: ಹೋದ ಕೆಲಸದಲ್ಲಿ ಹೇಳಿರಲಿಲ್ಲ. ಏನಾಯ್ತು ಅಂತ ನಿಮಗೆ ಪೂರ್ತಿ ಗೊತ್ತಿಲ್ಲ.

ದೊಡ್ಡಮ್ಮ: ಫಿಟ್ಸ್ ಬಂತು, ಬಿಟ್ಟು ಬಂದಳು ಅಂತ ನಿಮ್ಮಮ್ಮ ಅಂದಿದ್ದಳು.

ಮಗಳು: ಬಿಟ್ಟು ಬರಲಿಲ್ಲ, ಬಿಡಿಸಿದರು. ಮಾರ್ಚ್ ಕ್ಲೋಸಿಂಗ್. ಒಂದು ವಾರದಿಂದ ರಾತ್ರಿ ಹನ್ನೊಂದಕ್ಕೆ ಮುಂಚೆ ಆಫೀಸು ಬಿಟ್ಟಿರಲಿಲ್ಲ. ರಾತ್ರಿ ಮಾತ್ರೆಗೆ ಅಲಾರಂ ಇಟ್ಟುಕೊಂಡಿದ್ದೆ, ಹೊಡೆದ ಕೂಡಲೇ ಟಾಯ್ಲೆಟ್‌ಗೆ ಹೋಗಿ ನಲ್ಲಿ ನೀರಲ್ಲೇ ನುಂಗಿ ಬರ್ತಿದ್ದೆ. ಸೀಟಲ್ಲಿ ಕೂತು ನುಂಗಿದರೆ ಯಾರಾದರೂ ಏನು ಮಾತ್ರೆ ಅಂತ ಕೇಳ್ತಾರೆ ಅನ್ನೋ ಭಯ. ಅವತ್ತು ಕ್ಯಾಂಟೀನ್‌ಗೆ ಹೋಗ್ತಾ ಬಿದ್ದೆ. ಎಚ್ಚರ ಆದಾಗ ಕೈಯಲ್ಲಿ ಯಾರದೋ ಬೈಕಿನ ಕೀ ಗೊಂಚಲು. ಮೂಗಿನ ಹತ್ತಿರ ಹೆಚ್ಚಿದ ಈರುಳ್ಳಿ. ಬಾಯಲ್ಲಿ ರಕ್ತ. ನಾಲಿಗೆ ಕಚ್ಚಿಕೊಳ್ಳದೆ ಇರಲಿ ಅಂತ ಸ್ಟೀಲ್ ಚಮಚ ತುರುಕಿದ್ದರು, ಮುಂದಿನ ಹಲ್ಲು ಅರ್ಧ ಮುರಿದಿತ್ತು. ಯಾರ ಮೇಲೂ ಸಿಟ್ಟಿಲ್ಲ ನನಗೆ. ಪಾಪ, ಗೊತ್ತಿದ್ದದ್ದನ್ನ ಮಾಡಿದ್ದಾರೆ. ಸಿಟ್ಟು ಬಂದದ್ದು ಎರಡು ದಿನ ಬಿಟ್ಟು. ಎಚ್ಆರ್ ಕರೆಸಿ, ನಿಮ್ಮ ಆರೋಗ್ಯ ಮುಖ್ಯ ಅಲ್ವಾ ಅಂತ ಮೃದುವಾಗಿ ಮಾತಾಡಿ, ರಾಜೀನಾಮೆ ಪತ್ರ ಮುಂದಿಟ್ಟರು. ಟೈಪ್ ಆಗಿ ಸಿದ್ಧವಾಗಿತ್ತು. ನನ್ನ ಹೆಸರಿನ ಕೆಳಗೆ ಗೀಟು ಕೂಡ ಎಳೆದಿತ್ತು.

ದೊಡ್ಡಮ್ಮ: ಸೈನ್ ಹಾಕಿದೆಯಾ?

ಮಗಳು: ಹಾಕಿದೆ. ತಲೆ ಇನ್ನೂ ಭಾರ ಇತ್ತು. ಹಾಕದಿದ್ದರೆ ರಿಲೀವಿಂಗ್ ಲೆಟರ್ ಕೊಡಲ್ಲ ಅಂದರು.

ದೊಡ್ಡಮ್ಮ: ಅನ್ಯಾಯ ಕಣೇ ಅದು. ಮುಂದೆ ಎಲ್ಲೇ ಆಗಲಿ, ಯಾರೇ ಕಾಗದ ಮುಂದಿಟ್ಟರೂ ಮನೆಗೆ ತೊಗೊಂಡು ಹೋಗಿ ಓದಿ ಕೊಡ್ತೀನಿ ಅನ್ನು. ಆ ಒಂದು ಮಾತಿಗೇ ಎಷ್ಟೋ ಜನ ಹಿಂದೆ ಸರೀತಾರೆ. ರಾಜೀನಾಮೆ ಅಂತ ಆದಮೇಲೆ ಕೇಸಿಗೆ ಜೀವ ಇರಲ್ಲ. ಅವರೇ ತೆಗೆದಿದ್ದರೆ ಯಾಕೆ ತೆಗೆದಿರಿ ಅಂತ ಬರಹದಲ್ಲಿ ಕೇಳಬಹುದಿತ್ತು.

ಮಗಳು: ಕೇಳಿದರೆ ಕಾನೂನು ನನ್ನ ಕಡೆ ಇರ್ತಿತ್ತಾ?

ದೊಡ್ಡಮ್ಮ: ನೇರವಾಗಿ ಹೇಳ್ತೀನಿ, ಅರ್ಧಂಬರ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಇಪ್ಪತ್ತೊಂದು ಬಗೆಯ ಅಂಗವೈಕಲ್ಯದ ಪಟ್ಟಿ ಅದರಲ್ಲಿ. ಹೀಮೋಫೀಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಇವೆ. ದೀರ್ಘಕಾಲದ ನರಸಂಬಂಧಿ ಕಾಯಿಲೆಗಳು ಅಂತ ಒಂದು ಬಾಬ್ತು ಇದೆ, ಅದರಡಿ ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್‌ಸನ್ಸ್ ಹೆಸರು ಹೇಳಿದ್ದಾರೆ. ಮೂರ್ಛೆರೋಗದ ಹೆಸರು ಹೇಳಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಅಸ್ತಮಾ ಇಲ್ಲ, ಕಿಡ್ನಿ ಕಾಯಿಲೆ ಇಲ್ಲ. ಪಟ್ಟಿಯಲ್ಲಿರೋರಿಗೂ ಸರ್ಕಾರಿ ನೌಕರಿಯಲ್ಲಿ ಸಿಗೋ ರಕ್ಷಣೆ ಖಾಸಗಿಯಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಕೆಲಸಕ್ಕೆ ಸೇರಿದಮೇಲೆ ಅಂಗವೈಕಲ್ಯ ಬಂದರೆ ತೆಗೆಯೋ ಹಾಗಿಲ್ಲ, ಹುದ್ದೆಯಿಂದ ಇಳಿಸೋ ಹಾಗಿಲ್ಲ ಅನ್ನೋ ಇಪ್ಪತ್ತನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ಬರೆದದ್ದು. ಖಾಸಗಿಯವರು ಸಮಾನ ಅವಕಾಶದ ನೀತಿ ಅಂತ ಒಂದನ್ನ ಪ್ರಕಟಿಸಬೇಕು, ಅದು ಇಪ್ಪತ್ತೊಂದನೇ ಕಲಮು. ಅದನ್ನ ನೀನು ಗುರುವಾರದೊಳಗೆ ಹುಡುಕಿ ಓದಬೇಕು. ಕಂಪನಿಯ ವೆಬ್‌ಸೈಟಲ್ಲಿ ಇರುತ್ತೆ. ಇದ್ದರೆ ಅದರಲ್ಲಿ ಯಾರ ಹತ್ತಿರ ಮಾತಾಡಬೇಕು ಅಂತಲೂ ಬರೆದಿರುತ್ತೆ. ಇಲ್ಲದೇ ಹೋದರೆ ಅದೂ ನಿನಗೆ ಒಂದು ಮಾಹಿತಿನೇ.

ಮಗಳು: ಲಂಡನ್ನಲ್ಲಿರೋ ಅಣ್ಣ ಅಂತಾನೆ, ಅಲ್ಲಿ ಕೆಲಸ ಕೊಡ್ತೀವಿ ಅನ್ನೋಕೆ ಮುಂಚೆ ಆರೋಗ್ಯದ ಬಗ್ಗೆ ಕೇಳೋ ಹಾಗೇ ಇಲ್ಲವಂತೆ.

ದೊಡ್ಡಮ್ಮ: ಹೌದು, ಅವರ 2010ರ ಸಮಾನತೆ ಕಾಯ್ದೆ. ಕೆಲವು ವಿನಾಯಿತಿ ಬಿಟ್ಟರೆ ಕೇಳೋ ಹಾಗಿಲ್ಲ. ಅಮೆರಿಕದಲ್ಲೂ 1990ರ ಕಾಯ್ದೆಯ ಪ್ರಕಾರ ಹಾಗೇ, ಮೊದಲು ಆಫರ್ ಕೊಡಬೇಕು, ವೈದ್ಯಕೀಯ ಪ್ರಶ್ನೆ ಆಮೇಲೆ. ಆ ಕ್ರಮದ ಬೆಲೆ ಗೊತ್ತಾಗ್ತಿದೆಯಾ ನಿನಗೆ? ಆಫರ್ ಕೊಟ್ಟಮೇಲೆ ಹಿಂದಕ್ಕೆ ತೊಗೊಂಡರೆ ಯಾಕೆ ಅಂತ ಎಲ್ಲರಿಗೂ ಕಾಣುತ್ತೆ. ಮೊದಲೇ ಗೊತ್ತಿದ್ದರೆ, ಇನ್ನೊಬ್ಬರು ನಿಮಗಿಂತ ಚೆನ್ನಾಗಿದ್ದರು ಅಂದುಬಿಡ್ತಾರೆ. ಯಾರು ಏನು ಸಾಬೀತು ಮಾಡೋಕಾಗುತ್ತೆ? ನಮ್ಮಲ್ಲಿ ಕಾನೂನು ಆ ಕ್ರಮ ಇಟ್ಟಿಲ್ಲ. ಅದನ್ನ ನಾವೇ ಇಟ್ಟುಕೊಳ್ಳಬೇಕು. ಆಫರ್ ಲೆಟರ್ ಕೈಗೆ ಬರೋವರೆಗೂ ಕಾಯಿಲೆಯ ಹೆಸರು ನೀನಾಗಿ ಎತ್ತಬೇಡ. ಬಂದಮೇಲೆ, ಕೆಲಸಕ್ಕೆ ಸೇರೋಕೆ ಮುಂಚೆ, ಹೇಳು. ಇದು ನನ್ನ ಅಭಿಪ್ರಾಯ.

ಮಗಳು: ನಮ್ಮಲ್ಲಿ ಯಾವ ಕಾಯಿಲೆಗೂ ಅಂಥ ರಕ್ಷಣೆ ಇಲ್ಲವಾ?

ದೊಡ್ಡಮ್ಮ: ಒಂದಕ್ಕಿದೆ. ಎಚ್‌ಐವಿಗೆ. 2017ರ ಕಾಯ್ದೆ, 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ಕೆಲಸ ಕೊಡೋಕೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಅನ್ನೋ ಹಾಗಿಲ್ಲ, ಸರ್ಕಾರಿಯೂ ಇಲ್ಲ, ಖಾಸಗಿಯೂ ಇಲ್ಲ. ಅದು ಸುಮ್ಮನೆ ಬರಲಿಲ್ಲ. ಅದಕ್ಕೂ ಎಷ್ಟೋ ಮುಂಚೆ ಬಾಂಬೆ ಹೈಕೋರ್ಟಿಗೆ ಒಬ್ಬ ದಿನಗೂಲಿಯವನು ಹೋಗಿದ್ದ. ಸಾರ್ವಜನಿಕ ವಲಯದ ಸಂಸ್ಥೆಯೊಂದು ರಕ್ತಪರೀಕ್ಷೆ ಮಾಡಿಸಿ, ಎಚ್‌ಐವಿ ಇದೆ ಅಂತ ಕೆಲಸ ನಿರಾಕರಿಸಿತ್ತು. ಕೋರ್ಟು ಅವನ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಹೊರಗೆ ಬಿಡಲಿಲ್ಲ, ಎಂಎಕ್ಸ್, ಝಡ್‌ವೈ ಅಂತ ಅಕ್ಷರಗಳಲ್ಲೇ ಕೇಸು ನಡೆಯಿತು. ಕೆಲಸ ಮಾಡೋ ಶಕ್ತಿ ಅವನಿಗಿದ್ದು, ಬೇರೆಯವರಿಗೆ ಅವನಿಂದ ಅಪಾಯ ಇಲ್ಲದಿದ್ದರೆ, ಸೋಂಕಿದೆ ಅನ್ನೋ ಒಂದೇ ಕಾರಣಕ್ಕೆ ಕೆಲಸ ತಪ್ಪಿಸೋ ಹಾಗಿಲ್ಲ ಅಂತ 1997ರಲ್ಲೇ ತೀರ್ಪು ಬಂತು. ಆ ಎರಡು ಪ್ರಶ್ನೆ ನೋಡು. ಕೆಲಸ ಮಾಡಬಲ್ಲಳಾ, ಅಪಾಯ ಇದೆಯಾ. ಯಾವ ಕಾಯಿಲೆಗಾದರೂ ಕೇಳಬೇಕಾದ್ದು ಅವೆರಡೇ. ನಿನ್ನ ಕಾಯಿಲೆಗೂ ಅದೇ ಅಳತೆ ಇರಬೇಕಿತ್ತು, ಕಾನೂನು ಇನ್ನೂ ಅಲ್ಲಿಗೆ ಬಂದಿಲ್ಲ.

ಮಗಳು: ಸರಿ, ನಾನಾಗಿ ಹೇಳಲ್ಲ. ಅವರೇ ಕೇಳಿದರೆ? ಹೋದ ಸಲ ಮೆಡಿಕಲ್ ಡಿಕ್ಲರೇಷನ್ ಫಾರಂ ಕೊಟ್ಟಿದ್ದರು. ಬಿಪಿ, ಶುಗರ್, ಅಸ್ತಮಾ, ಫಿಟ್ಸ್, ಮಾನಸಿಕ ಕಾಯಿಲೆ ಅಂತ ಸಾಲಾಗಿ ಇತ್ತು, ಮುಂದೆ ಹೌದು, ಇಲ್ಲ ಅಂತ ಎರಡು ಚೌಕ. ಎಲ್ಲಾ ‘ಇಲ್ಲ’ಕ್ಕೆ ಟಿಕ್ ಹಾಕಿದ್ದೆ. ಎಲ್ಲರೂ ಹಾಗೇ ಮಾಡ್ತಾರೆ ಅಂತ ಪಕ್ಕದವಳು ಅಂದಳು.

ದೊಡ್ಡಮ್ಮ: ಅಲ್ಲೇ ನಾನು ನಿಮ್ಮಮ್ಮನ ಜೊತೆ ಒಪ್ಪದೇ ಇರೋದು. ಕೇಳದೇ ಇದ್ದಾಗ ಸುಮ್ಮನಿರೋದು ಬೇರೆ, ಕೇಳಿದ್ದಕ್ಕೆ ಸುಳ್ಳು ಬರೆದು ಸೈನ್ ಹಾಕೋದು ಬೇರೆ. ಆ ಫಾರಂನ ಕೊನೆ ಸಾಲು ಓದಿದ್ದೀಯಾ? ಮೇಲಿನ ಮಾಹಿತಿ ಸುಳ್ಳು ಅಂತ ಕಂಡುಬಂದರೆ ಯಾವ ನೋಟೀಸೂ ಇಲ್ಲದೆ ಕೆಲಸದಿಂದ ತೆಗೆಯಬಹುದು ಅಂತ ಇರುತ್ತೆ. ನಾಳೆ ಫಿಟ್ಸ್ ಬಂದರೆ ಅವರು ಕಾಯಿಲೆಗೆ ತೆಗೀತೀವಿ ಅನ್ನಲ್ಲ, ಸುಳ್ಳು ಹೇಳಿದ್ದಕ್ಕೆ ತೆಗೀತೀವಿ ಅಂತಾರೆ. ಆಗ ನ್ಯಾಯ ನಿನ್ನ ಕಡೆ ಇದ್ದರೂ ಅವರ ಕೈಯಲ್ಲಿ ಕಾಗದ ಇರುತ್ತೆ.

ಮಗಳು: ಕೇಳಬಾರದ್ದನ್ನ ಕೇಳಿದರೂ ನಿಜವನ್ನೇ ಬರೀಬೇಕಾ?

ದೊಡ್ಡಮ್ಮ: ಒಳ್ಳೆ ಪ್ರಶ್ನೆ. ಇದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ನೀರಾ ಮಾಥುರ್ ಅಂತ, ಎಲ್‌ಐಸಿಯಲ್ಲಿ ಅಸಿಸ್ಟೆಂಟ್ ಹುದ್ದೆಗೆ ಆಯ್ಕೆ ಆಗಿದ್ದರು. ಆಗಿನ ಫಾರಂನಲ್ಲಿ ಹೆಂಗಸರಿಗೆ ಮಾತ್ರ ಕೆಲವು ಪ್ರಶ್ನೆ ಇದ್ದವು. ಮುಟ್ಟು ಸರಿಯಾಗಿ ಆಗುತ್ತಾ, ಕೊನೆ ಸಲ ಯಾವತ್ತು ಆಯ್ತು, ಎಷ್ಟು ಸಲ ಬಸುರಾಗಿದ್ದೀರಿ, ಗರ್ಭಪಾತ ಆಗಿದೆಯಾ. ಅವರು ಕೆಲಸಕ್ಕೆ ಸೇರಿ, ಸ್ವಲ್ಪ ದಿನಕ್ಕೆ ಹೆರಿಗೆ ರಜೆ ಹಾಕಿದರು. ಪ್ರೊಬೇಷನ್‌ನಲ್ಲೇ ತೆಗೆದುಹಾಕಿದರು. ಕೊನೆ ಮುಟ್ಟಿನ ತಾರೀಖು ತಪ್ಪು ಬರೆದಿದ್ದಾರೆ ಅಂತ ಕೋರ್ಟಲ್ಲಿ ಎಲ್‌ಐಸಿ ವಾದಿಸಿತು. ನೀರಾ ಹೈಕೋರ್ಟಲ್ಲಿ ಸೋತರು. 1991ರಲ್ಲಿ ಸುಪ್ರೀಂ ಕೋರ್ಟು ಅವರನ್ನ ವಾಪಸ್ ಕೆಲಸಕ್ಕೆ ತೊಗೊಳ್ಳಿ ಅಂತು. ಆ ಪ್ರಶ್ನೆಗಳನ್ನ ನೋಡಿ ನ್ಯಾಯಮೂರ್ತಿಗಳೇ ಬೆಚ್ಚಿದರು, ಫಾರಂನಿಂದ ಆ ಕಾಲಮುಗಳನ್ನ ತೆಗೀಬೇಕು ಅಂತ ಎಲ್‌ಐಸಿಗೆ ಹೇಳಿದರು. ನಾವು ಪರ್ಸನಲ್‌ನಲ್ಲಿದ್ದೋರೆಲ್ಲ ಆ ತೀರ್ಪು ಬಂದಮೇಲೆ ನಮ್ಮ ನಮ್ಮ ಫಾರಂ ತೆಗೆದು ನೋಡಿಕೊಂಡೆವು.

ಮಗಳು: ಅವರು ಗೆದ್ದರಲ್ಲ. ಅಂದರೆ ಸುಳ್ಳು ಬರೆದರೂ ಪರವಾಗಿಲ್ಲ ಅಂತಾಯ್ತು.

ದೊಡ್ಡಮ್ಮ: ಆ ಪ್ರಶ್ನೆಗೂ ಅವರ ಕೆಲಸಕ್ಕೂ ಸಂಬಂಧ ಇರಲಿಲ್ಲ, ಹೆಣ್ಣಿನ ಮಾನದ ಪ್ರಶ್ನೆ ಅದು. ಫಿಟ್ಸ್ ಬರುತ್ತಾ ಅಂತ ಕೇಳಿದರೆ ಕೋರ್ಟು ಹಾಗೇ ನೋಡುತ್ತೆ ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಕೆಲವು ಕೆಲಸಕ್ಕೆ ಅದು ನಿಜವಾಗಿ ಬೇಕಾದ ಪ್ರಶ್ನೆ. ಡ್ರೈವಿಂಗ್ ಲೈಸೆನ್ಸಿನ ಒಂದನೇ ನಮೂನೆಯಲ್ಲೇ ಇದೆ, ಮೂರ್ಛೆರೋಗ ಇದೆಯಾ, ದಿಢೀರನೆ ಪ್ರಜ್ಞೆ ತಪ್ಪುತ್ತಾ, ತಲೆಸುತ್ತು ಬರುತ್ತಾ ಅಂತ. ಅದನ್ನ ಅನ್ಯಾಯ ಅನ್ನೋಕಾಗುತ್ತಾ? ಎತ್ತರದ ಮೇಲೆ ಕೆಲಸ, ತಿರುಗೋ ಯಂತ್ರದ ಪಕ್ಕ ಕೆಲಸ, ಕುದಿಯೋ ಎಣ್ಣೆಯ ಮುಂದೆ ಕೆಲಸ, ಇಲ್ಲೆಲ್ಲ ಮುಚ್ಚಿಡೋದು ನಮ್ಮ ಜೀವಕ್ಕೂ ಒಳ್ಳೇದಲ್ಲ, ಪಕ್ಕದವನ ಜೀವಕ್ಕೂ ಒಳ್ಳೇದಲ್ಲ. ನಮ್ಮ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಒಬ್ಬರು ಇದ್ದರು. ಮೂರ್ಛೆರೋಗ ಇದೆ ಅಂತ ಮನೆಯವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಪಕ್ಕದ ಯಂತ್ರದವರು ಒಂದು ದಿನ ನನ್ನ ಹತ್ತಿರ ಬಂದು, ಮೇಡಂ, ಅವನು ನಿಂತ ನಿಂತಲ್ಲೇ ಒಂದು ಘಳಿಗೆ ಎಲ್ಲೋ ಹೋಗಿಬಿಡ್ತಾನೆ, ಕರೆದರೆ ಕೇಳಲ್ಲ, ಪ್ರೆಸ್ ಕೆಳಗೆ ಕೈ ಇಟ್ಟಿರ್ತಾನೆ ಅಂದರು.

ಮಗಳು: ತೆಗೆದರಾ?

ದೊಡ್ಡಮ್ಮ: ತೆಗೆಯೋ ಮಾತೂ ಬಂತು. ಕಾಯಿಲೆ ಬಿಡದೆ ಕಾಡ್ತಿದೆ ಅಂತ ತೆಗೆದರೆ ಅದನ್ನ ರಿಟ್ರೆಂಚ್‌ಮೆಂಟ್ ಅಂತ ಎಣಿಸೋ ಹಾಗಿಲ್ಲ ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. ಅಂದರೆ ಆ ಪರಿಹಾರದ ಹಣ ಕೂಡ ಕೊಡಬೇಕಾಗಿರಲಿಲ್ಲ. ಮ್ಯಾನೇಜ್‌ಮೆಂಟಿಗೆ ಸುಲಭದ ದಾರಿ. ಯೂನಿಯನ್‌ನವರು ಕೂತು ಮಾತಾಡಿದರು, ಇಎಸ್‌ಐ ಆಸ್ಪತ್ರೆಯಿಂದ ಕಾಗದ ಬಂತು, ಸ್ಟೋರ್ಸ್‌ಗೆ ಹಾಕಿದೆವು. ಬಿನ್ ಕಾರ್ಡ್ ಬರೆಯೋದು, ಮಾಲು ಎಣಿಸೋದು. ರಿಟೈರ್ ಆಗೋವರೆಗೂ ಅಲ್ಲೇ ಇದ್ದರು. ಅವರ ಸ್ಟೋರ್ಸ್ ಲೆಕ್ಕದಲ್ಲಿ ಆಡಿಟರ್‌ಗಳು ಒಂದು ನಟ್ಟಿನ ವ್ಯತ್ಯಾಸವನ್ನೂ ಹಿಡಿಯೋಕಾಗ್ತಿರಲಿಲ್ಲ.

ಮಗಳು: ನನ್ನ ಕೆಲಸದಲ್ಲಿ ಪ್ರೆಸ್ ಇಲ್ಲ, ಏಣಿ ಇಲ್ಲ. ಕಂಪ್ಯೂಟರ್ ಮುಂದೆ ಇನ್‌ವಾಯ್ಸ್ ನೋಡೋದು. ಆದರೂ ಯಾಕೆ ಹೇಳಬೇಕು? ಬಿಪಿ ಇರೋರು ಹೇಳಿಕೊಂಡು ತಿರುಗ್ತಾರಾ? ನನ್ನ ದೇಹದ ವಿಷಯ ನನಗೆ ಸೇರಿದ್ದು ತಾನೆ?

ದೊಡ್ಡಮ್ಮ: ನಿನಗೇ ಸೇರಿದ್ದು. ಹೇಳಲೇಬೇಕು ಅಂತ ನಾನು ಯಾರ ಮೇಲೂ ಹೇರಲ್ಲ. ನಿನ್ನ ವಿಷಯದಲ್ಲಿ ಎರಡು ಕಾರಣಕ್ಕೆ ಹೇಳಬೇಕು ಅಂತೀನಿ. ಒಂದು, ಬಿದ್ದಾಗ ಬಾಯಿಗೆ ಚಮಚ ತುರುಕಬಾರದು ಅಂತ ಒಬ್ಬರಿಗಾದರೂ ಗೊತ್ತಿರಬೇಕು. ಇನ್ನೊಂದು ನಿದ್ದೆ. ಈ ಕೆಲಸದ ಟೈಮಿಂಗ್ ಏನು?

ಮಗಳು: ಅಮೆರಿಕದ ಕ್ಲೈಂಟು. ಮಧ್ಯಾಹ್ನ 2ರಿಂದ ರಾತ್ರಿ 11. ತಿಂಗಳ ಕೊನೆಯಲ್ಲಿ ಬೆಳಗಿನ ಜಾವದವರೆಗೂ ಇರುತ್ತೆ ಅಂತ ಅಲ್ಲಿ ಕೆಲಸ ಮಾಡೋಳು ಹೇಳಿದಳು. ಕ್ಯಾಬ್ ಕೊಡ್ತಾರಂತೆ.

ದೊಡ್ಡಮ್ಮ: ಡಾಕ್ಟರ್ ಏನಂತಾರೆ?

ಮಗಳು: ಮಾತ್ರೆ ತಪ್ಪಿಸಬೇಡ, ನಿದ್ದೆ ಕೆಡಬೇಡ. ಪ್ರತಿ ಸಲ ನಿಮ್ಹಾನ್ಸ್‌ಗೆ ಹೋದಾಗಲೂ ಇವೆರಡೇ ಮಾತು. ಈಗ ಎರಡು ವರ್ಷದ ಮೇಲಾಯ್ತು, ಒಂದು ಸಲವೂ ಬಂದಿಲ್ಲ. ಸರಿಯಾದ ಔಷಧಿ ಸಿಕ್ಕರೆ ನೂರರಲ್ಲಿ ಎಪ್ಪತ್ತು ಜನರವರೆಗೂ ಫಿಟ್ಸ್ ಇಲ್ಲದೆ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಆ ಎಪ್ಪತ್ತರಲ್ಲಿ ನಾನೂ ಇದ್ದೀನಿ ಅಂತ ಈಗೀಗ ನಂಬಿಕೆ ಬರ್ತಿದೆ.

ದೊಡ್ಡಮ್ಮ: ಆ ನಂಬಿಕೆಯನ್ನ ತಿಂಗಳ ಕೊನೆಯ ರಾತ್ರಿಗಳಿಗೆ ಒತ್ತೆ ಇಡಬೇಡ. ಹೋದ ಸಲ ನಿನ್ನನ್ನ ಬೀಳಿಸಿದ್ದು ಕಾಯಿಲೆ ಒಂದೇ ಅಲ್ಲ. ನಿದ್ದೆಗೆಟ್ಟು ಕೆಲಸ ಮಾಡಲ್ಲ ಅನ್ನೋಕೆ ಬಾಯಿ ಬರಲಿಲ್ಲ ನಿನಗೆ, ಯಾಕೆ ಅಂತ ಕೇಳಿದರೆ ಹೇಳೋ ಹಾಗಿರಲಿಲ್ಲ. ಗುಟ್ಟು ಇಟ್ಟುಕೊಂಡೋರು ಯಾವ ಅನುಕೂಲವನ್ನೂ ಕೇಳೋಕಾಗಲ್ಲ. ಬೇರೆಯವರಿಗಿಂತ ಒಂದು ಗಂಟೆ ಜಾಸ್ತಿನೇ ದುಡೀತಾರೆ, ಅನುಮಾನ ಬಾರದಿರಲಿ ಅಂತ. ನಾನು ಎಷ್ಟೋ ಜನರನ್ನ ನೋಡಿದ್ದೀನಿ. ಡಯಾಲಿಸಿಸ್ ಮಾಡಿಸಿಕೊಂಡು ನೇರ ಶಿಫ್ಟಿಗೆ ಬಂದೋರನ್ನೂ ನೋಡಿದ್ದೀನಿ. ಆ ಸುಸ್ತನ್ನ ಯಾರ ಮುಂದೂ ತೋರಿಸಲಿಲ್ಲ ಆತ. ನೋಡಿದರೆ ಹೊಟ್ಟೆ ಉರಿಯುತ್ತೆ ನನಗೆ.

ಮಗಳು: ಅನುಕೂಲ ಕೇಳಿದರೆ, ಇವಳ ಕೈಲಿ ಆಗಲ್ಲ ಅಂದುಕೊಳ್ಳಲ್ವಾ?

ದೊಡ್ಡಮ್ಮ: ಹೇಗೆ ಕೇಳ್ತೀಯಾ ಅನ್ನೋದರ ಮೇಲೆ. ಮೇಜಿನ ಆ ಕಡೆ ಕೂತಿದ್ದವಳು ನಾನು, ಅಲ್ಲಿ ಏನು ಓಡುತ್ತೆ ಅಂತ ಹೇಳ್ತೀನಿ ಕೇಳು. ಕಾಯಿಲೆ ಅಂದ ಕೂಡಲೇ, ಆಫೀಸಲ್ಲೇ ಏನಾದರೂ ಆದರೆ ನಮ್ಮ ತಲೆಗೆ ಬರುತ್ತೆ ಅನ್ನೋ ಭಯ. ಆಮೇಲೆ ರಜೆ ಎಷ್ಟು ಹಾಕ್ತಾಳೋ ಅಂತ. ಇನ್ಶೂರೆನ್ಸಿನ ಮಾತು ಕೊನೆಗೆ. ಎಷ್ಟೋ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಮೊದಲಿಂದ ಇರೋ ಕಾಯಿಲೆಗೂ ಮೊದಲ ದಿನದಿಂದಲೇ ಕವರ್ ಇರುತ್ತೆ, ಎಚ್ಆರ್‌ನವರಿಗೆ ಅದು ಗೊತ್ತು. ಸಂಬಳ ತಿಂಗಳಿಗೆ 21,000ದೊಳಗೆ ಇದ್ದೋರಿಗಂತೂ ಇಎಸ್‌ಐ ಇದೆ, ಅದು ಹಳೇ ಕಾಯಿಲೆನಾ ಹೊಸಾ ಕಾಯಿಲೆನಾ ಅಂತ ನೋಡಲ್ಲ. ಹಾಗಾಗಿ ನೀನು ಉತ್ತರ ಕೊಡಬೇಕಾದ್ದು ಭಯಕ್ಕೆ. ಎಚ್ಆರ್‌ಗೆ ಕಾಯಿಲೆಯ ಚರಿತ್ರೆ ಬೇಕಾಗಿಲ್ಲ. ಪಿಯುಸಿಯಲ್ಲಿ ಏನಾಯ್ತು, ಎಷ್ಟು ಸ್ಕ್ಯಾನ್ ಆಯ್ತು, ದೇವಸ್ಥಾನಕ್ಕೆ ಏನು ಹರಕೆ ಹೊತ್ತಿರಿ, ಒಂದೂ ಬೇಡ.

ಮಗಳು: ನಾನು ಏನನ್ನಲಿ? ಇಲ್ಲೇ ಹೇಳಿ ನೋಡ್ತೀನಿ. “ಸರ್, ನನಗೊಂದು ಪ್ರಾಬ್ಲಂ ಇದೆ...”

ದೊಡ್ಡಮ್ಮ: ಅಲ್ಲಿಗೇ ನಿಲ್ಲಿಸು. ಪ್ರಾಬ್ಲಂ ಅಂತ ಶುರು ಮಾಡಿದರೆ ಅವರ ಮುಖ ಅಲ್ಲೇ ಬಾಡುತ್ತೆ. ಹೀಗೆ ಹೇಳು: “ಆಫರ್ ಒಪ್ಪಿಕೊಂಡಿದ್ದೀನಿ, ಒಂದನೇ ತಾರೀಖಿಗೆ ಸೇರ್ತೀನಿ. ಅದಕ್ಕೆ ಮುಂಚೆ ಒಂದು ವಿಷಯ ನಿಮಗೆ ಗೊತ್ತಿರಲಿ. ನನಗೆ ಮೂರ್ಛೆರೋಗ ಇದೆ, ಔಷಧಿಯಲ್ಲಿ ಹತೋಟಿಯಲ್ಲಿದೆ, ಎರಡು ವರ್ಷದಿಂದ ಬಂದಿಲ್ಲ. ಈ ಕೆಲಸ ಮಾಡೋಕೆ ಅಡ್ಡಿ ಇಲ್ಲ. ನನಗೆ ಬೇಕಾಗಿರೋದು ಒಂದೇ, ರಾತ್ರಿ ಪೂರ್ತಿ ಶಿಫ್ಟು ಬೇಡ. ತಿಂಗಳ ಕೊನೆಯಲ್ಲಿ ಬೆಳಗ್ಗೆ ಬೇಗ ಬಂದು ಆ ಕೆಲಸ ಮುಗಿಸಿಕೊಡ್ತೀನಿ. ಡಾಕ್ಟರ್ ಪತ್ರ ಇದೆ.” ಇಷ್ಟೇ. ಮಾತಾಡಿದ ದಿನವೇ ಒಂದು ಮೇಲ್ ಹಾಕು, ಇವತ್ತು ಮಾತಾಡಿದ ಹಾಗೆ ಅಂತ. ಆಮೇಲೆ ಯಾರೂ ನಮಗೆ ಹೇಳಿರಲಿಲ್ಲ ಅನ್ನಬಾರದು.

ಮಗಳು: ಅದನ್ನ ಕೇಳಿ ಆಫರ್ ವಾಪಸ್ ತೊಗೊಂಡರೆ?

ದೊಡ್ಡಮ್ಮ: ತೊಗೋಬಹುದು. ತೊಗೊಳ್ಳಲ್ಲ ಅಂತ ನಾನು ಬರೆದುಕೊಡಲ್ಲ. ನಿನಗೆ ಒಂದು ಕೆಲಸ ಹೋಗುತ್ತೆ, ಮನಸ್ಸಿಗೆ ನೋವಾಗುತ್ತೆ. ಅದಕ್ಕೇ ಕೈಲಿರೋ ಬೇರೆ ಅರ್ಜಿಗಳನ್ನ ಅಲ್ಲಿಯವರೆಗೂ ನಿಲ್ಲಿಸಬೇಡ. ವಾಪಸ್ ತೊಗೊಂಡರೆ ಬರಹದಲ್ಲಿ ಕಾರಣ ಕೇಳು. ಕೊಡಲ್ಲ ಅವರು, ಆದರೂ ಕೇಳು.

ಮಗಳು: ಟೀಮಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಎಚ್ಆರ್‌ಗೆ ಹೇಳಿದ್ದು ಸಂಜೆಯೊಳಗೆ ಕ್ಯಾಂಟೀನಲ್ಲಿರುತ್ತೆ.

ದೊಡ್ಡಮ್ಮ: ಇದನ್ನ ನನ್ನ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬೇಡಿ ಅಂತ ಅದೇ ಮೇಲಲ್ಲಿ ಬರಿ. ಪಕ್ಕದ ಸೀಟಿನವಳನ್ನ ನೀನೇ ನೋಡಿ ಆರಿಸಿಕೋ. ಮೊದಲ ದಿನವೇ ಬೇಡ, ಹದಿನೈದು ದಿನ ನೋಡು, ಯಾರು ಗಾಬರಿ ಬೀಳಲ್ಲವೋ ಅವಳಿಗೆ ಹೇಳು. ಏನು ಹೇಳಬೇಕು ಅಂತ ನಿನಗೇ ಚೆನ್ನಾಗಿ ಗೊತ್ತು.

ಮಗಳು: ಗೊತ್ತು. ಬಿದ್ದರೆ ಪಕ್ಕದ ಕುರ್ಚಿ ಮೇಜು ಸರಿಸಬೇಕು. ತಲೆ ಕೆಳಗೆ ಮೆತ್ತಗಿರೋದು ಏನಾದರೂ, ದುಪಟ್ಟಾ ಆದರೂ ಸಾಕು. ಕೈಕಾಲು ಅದುಮಿ ಹಿಡೀಬಾರದು. ಬಾಯಿಗೆ ಏನೂ ಹಾಕಬಾರದು, ನೀರೂ ಬೇಡ. ಅದುರೋದು ನಿಂತಮೇಲೆ ಒಂದು ಮಗ್ಗುಲಿಗೆ ತಿರುಗಿಸಬೇಕು, ಜೊಲ್ಲು ಹೊರಗೆ ಹರಿಯೋ ಹಾಗೆ. ಗಡಿಯಾರ ನೋಡಬೇಕು. ಹೆಚ್ಚಾಗಿ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. ಐದು ನಿಮಿಷ ದಾಟಿದರೆ, ಇಲ್ಲಾ ನಿಂತು ಮತ್ತೆ ಬಂದರೆ, 108ಕ್ಕೆ ಫೋನ್. ಎಚ್ಚರ ಆದಮೇಲೆ ಸ್ವಲ್ಪ ಹೊತ್ತು ನನಗೆ ಎಲ್ಲಿದ್ದೀನಿ ಅಂತ ಗೊತ್ತಿರಲ್ಲ, ಸುತ್ತ ಜನ ಸೇರಿಸಬೇಡಿ. ಇದನ್ನ ಒಂದು ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಇಟ್ಟುಕೋತೀನಿ.

ದೊಡ್ಡಮ್ಮ: ಕನ್ನಡದಲ್ಲಿ ಬರಿ. ಮೊದಲು ಓಡಿ ಬರೋದು ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು.

ಮಗಳು: ಗುರುವಾರ ಇನ್ನೊಂದು ಪ್ರಶ್ನೆ ಖಂಡಿತ ಬರುತ್ತೆ. ಆ ಕೆಲಸ ಬಿಟ್ಟಮೇಲೆ ಇಷ್ಟು ದಿನ ಏನು ಮಾಡ್ತಿದ್ದೆ ಅಂತ. ಹಲ್ಲು ಕಟ್ಟಿಸಿಕೊಂಡೆ, ಔಷಧಿ ಬದಲಾಯಿಸಿದರು, ಮನೆಯಿಂದ ಒಬ್ಬಳೇ ಹೊರಗೆ ಹೋಗೋ ಧೈರ್ಯ ಬರೋಕೆ ವರ್ಷ ಹಿಡೀತು. ಇದನ್ನೆಲ್ಲ ಹೇಳೋಕಾಗುತ್ತಾ?

ದೊಡ್ಡಮ್ಮ: “ಆರೋಗ್ಯದ ಕಾರಣಕ್ಕೆ ಬಿಡುವು ತೊಗೊಂಡಿದ್ದೆ, ಈಗ ಸರಿ ಇದ್ದೀನಿ. ಆ ಸಮಯದಲ್ಲಿ ಜಿಎಸ್‌ಟಿ ರಿಟರ್ನ್ಸ್ ಕಲಿತೆ, ಮಾವನ ಅಂಗಡಿಯ ಲೆಕ್ಕ ಪೂರ್ತಿ ಟ್ಯಾಲಿಗೆ ಹಾಕಿದೆ.” ಪೂರ್ತಿ ನಿಜ ಅದು. ಅಲ್ಲಿಂದ ಮಾತು ಟ್ಯಾಲಿಯ ಕಡೆ ತಿರುಗುತ್ತೆ. ಬಿಡದೆ ಏನಾಗಿತ್ತು ಅಂತ ಕೆದಕಿದರೆ, ಕೆಲಸಕ್ಕೆ ಸಂಬಂಧಪಟ್ಟದ್ದು ಇದ್ದರೆ ಆಫರ್ ಹಂತದಲ್ಲಿ ಖಂಡಿತ ತಿಳಿಸ್ತೀನಿ ಅನ್ನು.

ಮಗಳು: ನೀವು ಹೇಳಿದ್ದೆಲ್ಲ ಒಪ್ಪಿದೆ, ಒಂದನ್ನ ಬಿಟ್ಟು. ಶಿಫ್ಟಿನ ಪ್ರಶ್ನೆ ಗುರುವಾರವೇ ಬರುತ್ತೆ ದೊಡ್ಡಮ್ಮ. ನೈಟ್ ಮಾಡೋಕೆ ರೆಡಿ ಇದ್ದೀರಾ ಅಂತ ಎಲ್ಲರನ್ನೂ ಕೇಳ್ತಾರೆ. ಹೂಂ ಅಂದು ಆಫರ್ ತೊಗೊಂಡು ಆಮೇಲೆ ಆಗಲ್ಲ ಅಂದರೆ ಅದೂ ಸುಳ್ಳೇ ಆಯ್ತು. ನಾನು ಅಲ್ಲೇ ಹೇಳಿಬಿಡ್ತೀನಿ, ರಾತ್ರಿ ಪೂರ್ತಿ ಕೆಲಸ ಆಗಲ್ಲ ಅಂತ. ಕಾಯಿಲೆ ಹೆಸರು ಹೇಳಲ್ಲ, ಆಗಲ್ಲ ಅನ್ನೋದನ್ನ ಮಾತ್ರ ಹೇಳ್ತೀನಿ.

ದೊಡ್ಡಮ್ಮ: ಅದಕ್ಕೇ ಬೇಡ ಅಂದರೆ?

ಮಗಳು: ಆ ಕೆಲಸ ನನಗೆ ಬೇಡದ ಕೆಲಸ. ಹನ್ನೊಂದು ಗಂಟೆಯವರೆಗೂ ಮಾಡ್ತೀನಿ, ಅದಕ್ಕೆ ತೊಂದರೆ ಇಲ್ಲ, ಬೆಳಗ್ಗೆ ಎಂಟು ಗಂಟೆಯವರೆಗೂ ಮಲಗ್ತೀನಿ. ಅದರ ಮೇಲೆ ಬೇಡ.

ದೊಡ್ಡಮ್ಮ: ಸರಿ. ಹಾಗಾದರೆ ನಾಡಿದ್ದು ನಿಮ್ಹಾನ್ಸ್‌ಗೆ ಹೋದಾಗ ಪತ್ರ ಕೇಳಿ ತೊಗೋ. ಡಯಗ್ನೋಸಿಸ್ ಬರೆದ ಉದ್ದನೆ ಸಮ್ಮರಿ ಬೇಡ. ಆಫೀಸಿನ ಕೆಲಸಕ್ಕೆ ಸಮರ್ಥಳಾಗಿದ್ದಾಳೆ, ನಿದ್ದೆಗೆಡಿಸೋ ರಾತ್ರಿ ಪಾಳಿ ಕೊಡಬಾರದು, ಅಷ್ಟು ಬರೆದು ಸೀಲ್ ಹಾಕಿಕೊಡಿ ಅನ್ನು. ಎರಡು ಪ್ರತಿ ಇರಲಿ. ಗುರುವಾರ ಫೈಲಿನಲ್ಲಿಟ್ಟುಕೊಂಡು ಹೋಗು, ಅವರು ಆಫರ್ ಕೊಡೋವರೆಗೂ ತೆಗೀಬೇಡ. ಈಗ ಆ ಪುಸ್ತಕ ಕೊಡು ಇಲ್ಲಿ, ಡಿಪ್ರಿಸಿಯೇಷನ್ ಬಗ್ಗೆ ಏನೇನು ಕೇಳ್ತಾರೋ ನೋಡೋಣ.